ಕರೆಗುಡ್ಡ ರೋಡಿನ ಮರದ ಝಾಲರಿ

ಕರೆಗುಡ್ಡ ರೋಡ್ ಸ್ಟೇಷನ್ನಿನ ಹೊಸ ಕಟ್ಟಡದಲ್ಲಿ, ಟಿಕೆಟ್ ಕಿಟಕಿಯ ಬಲಕ್ಕೆ, ಒಂದು ಕರೀ ಗ್ರಾನೈಟ್ ಫಲಕ ಹಚ್ಚಿದ್ದಾರೆ. ಅಧಿಕಾರಿಗಳ ಹೆಸರು, ಸಲಹೆಗಾರರ ಹೆಸರು, ಗುತ್ತಿಗೆದಾರರ ಹೆಸರು ಎಲ್ಲ ಆದಮೇಲೆ ಕಟ್ಟಕಡೆಗೆ ನನ್ನದೊಂದು ಸಾಲು: 'ಮೂಲ ನಕ್ಷೆ ಒದಗಿಸಿದವರು: ಶ್ರೀಮತಿ ನಿರುಪಮಾ ಗಲಗಲಿ, ನಿವೃತ್ತ ಮುಖ್ಯ ನಕ್ಷೆಗಾರರು.' ನಾನು ಮದುವೆಯೇ ಆದವಳಲ್ಲ. ಹಾಗಾಗಿ ಆ ಶ್ರೀಮತಿಯೂ ತಪ್ಪು. ಮಾಳಮಡ್ಡಿಯ ನಮ್ಮ ಓಣಿಯ ಹೆಂಗಸರು ಫಲಕದ ಫೋಟೋ ತೆಗೆದು ನನಗೇ ಕಳಿಸಿದರು, ಕೆಳಗೆ ಸಾಲಾಗಿ ಕೈಮುಗಿದ ಚಿತ್ರ. ನನ್ನ ಕೈಗೊಂದು ಉಳಿ ಸಿಕ್ಕರೆ ಆ ಸಾಲನ್ನು ನಾನೇ ಕೆತ್ತಿ ತೆಗೆಯುತ್ತೇನೆ. ಬರೀ ಬಾಯಿಮಾತಲ್ಲ ಇದು. ಒಂದು ದಿನ ಕೈಚೀಲದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಹೋಗಿದ್ದೆ. ರೈಲ್ವೆ ಪೊಲೀಸನೊಬ್ಬ ಅಲ್ಲೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ತೆಪ್ಪಗೆ ಮನೆಗೆ ಬಂದೆ.

ನಾನು ಮೂವತ್ತೆಂಟು ವರ್ಷ ಹುಬ್ಬಳ್ಳಿಯ ರೈಲ್ವೆ ನಕ್ಷೆ ಕಚೇರಿಯಲ್ಲಿ ಗೆರೆ ಎಳೆದವಳು. ೧೯೭೯ರಲ್ಲಿ ಟ್ರೇಸರ್ ಆಗಿ ಸೇರಿದೆ. ಟ್ರೇಸರ್ ಅಂದರೆ ಹಳೇ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗಿನ ಗೆರೆ ಹೇಗಿದೆಯೋ ಹಾಗೆ ಮೇಲೆ ಮಸಿಯಲ್ಲಿ ತೆಗೆಯುವುದು. ತಲೆ ಓಡಿಸಬಾರದು. ಕೆಳಗಿನದು ಸೊಟ್ಟ ಇದ್ದರೆ ಮೇಲಿನದೂ ಅಷ್ಟೇ ಸೊಟ್ಟ ಇರಬೇಕು. ಇಪ್ಪತ್ತೆರಡು ವರ್ಷದ ಹುಡುಗಿ ಕಚೇರಿಗೆ ಬಂದಾಗ ಗಂಡಸರೆಲ್ಲ ಮೀಸೆಯಡಿಯಲ್ಲೇ ನಕ್ಕರು. ಆರು ತಿಂಗಳಲ್ಲಿ ತಮಗೆ ಕಷ್ಟವಾದ ಹಾಳೆಗಳನ್ನೆಲ್ಲ ನನ್ನ ಮೇಜಿಗೆ ತಂದಿಟ್ಟರು. ನಿರುಪಮಾಬಾಯಿಯ ಗೆರೆ ತಪ್ಪುವುದಿಲ್ಲ ಅನ್ನುವುದು ಕಚೇರಿಯಲ್ಲಿ ಒಂದು ಮಾತಾಗಿ ಹೋಯಿತು. ಆ ಮಾತನ್ನು ನಾನು ಉಪ್ಪಿನಕಾಯಿ ಭರಣಿಯ ಹಾಗೆ ಜೋಪಾನ ಮಾಡಿಕೊಂಡು ಬಂದೆ, ಯಾರ ಎಂಜಲು ಕೈಯೂ ತಾಗದಂತೆ. ಅದರಿಂದಲೇ ಇಷ್ಟೆಲ್ಲ ಆಯಿತು.

ಕರೆಗುಡ್ಡ ರೋಡ್ ಹುಬ್ಬಳ್ಳಿ-ಧಾರವಾಡಗಳ ನಡುವಿನ ಒಂದು ಸಣ್ಣ ಸ್ಟೇಷನ್. ಸಣ್ಣದಾದರೂ ೧೮೮೭ರಲ್ಲಿ ಅದನ್ನು ಕಟ್ಟಿಸಿದವರಿಗೆ ಹುಚ್ಚು ದೊಡ್ಡದಿತ್ತು. ರಾಣಿ ವಿಕ್ಟೋರಿಯಾಳ ಊರಿನಲ್ಲಿ ಯಾವುದೋ ಚರ್ಚಿಗೆಂದು ಬರೆದದ್ದನ್ನು ತಂದು ಇಲ್ಲಿಯ ಎರೆಮಣ್ಣಿನ ಮೇಲೆ ಇಳಿಸಿದ ಹಾಗಿತ್ತು. ಕರಿಕಲ್ಲಿನ ಗೋಡೆ, ಮೂಲೆಗಳಿಗೆ ಮಾತ್ರ ನಯವಾಗಿ ಕೆತ್ತಿದ ಬಿಳಿ ಕಲ್ಲು, ತುದಿ ಚೂಪಾದ ಕಮಾನಿನ ಕಿಟಕಿಗಳು, ಎರಡೂ ತುದಿಗೆ ಎತ್ತರದ ತ್ರಿಕೋನ ಗೋಡೆ, ಅವುಗಳ ನಡುವೆ ಕಡಿದಾದ ಹೆಂಚಿನ ಮಾಡು. ಹಿಮ ಬಿದ್ದರೆ ಜಾರಿ ಹೋಗಲಿ ಅಂತ ಮಾಡನ್ನು ಅಷ್ಟು ಕಡಿದಾಗಿ ಮಾಡಿದ್ದಂತೆ. ಫಸ್ಟ್ ಕ್ಲಾಸ್ ವೇಟಿಂಗ್ ರೂಮಿನಲ್ಲಿ ಚಳಿ ಕಾಯಿಸಲು ಬೆಂಕಿಗೂಡು ಬೇರೆ. ಅದರಲ್ಲಿ ಬೆಂಕಿ ಉರಿದದ್ದನ್ನು ನಾನಂತೂ ಕಂಡಿಲ್ಲ. ಗ್ಯಾಂಗಮನ್ ದುರಗಪ್ಪ ತನ್ನ ಬುತ್ತಿ ಡಬ್ಬಿಯನ್ನು ಅದರೊಳಗೆ ಇಡುತ್ತಿದ್ದ.

ಪ್ಲಾಟ್‌ಫಾರ್ಮಿನ ಕಡೆ ಹನ್ನೆರಡು ಬೀಡುಕಬ್ಬಿಣದ ಕಂಬಗಳು, ತಲೆಯ ಹತ್ತಿರ ಎಲೆ-ಹೂವು. ಅವುಗಳ ಮೇಲೆ ಮುಂದಕ್ಕೆ ಚಾಚಿದ ಚಾವಣಿ. ಆ ಚಾವಣಿಯ ಅಂಚಿನ ಉದ್ದಕ್ಕೂ ಮರದ ಝಾಲರಿ. ಲಂಗಕ್ಕೆ ಝಾಲರಿ ಹಚ್ಚುವುದಿಲ್ಲವೇ, ಅದೇ ಹೆಸರು, ಆದರೆ ಇದು ಮರದ್ದು: ಒಂದರ ಪಕ್ಕ ಒಂದು ನೇತುಹಾಕಿ ಮೊಳೆ ಹೊಡೆದ ನೂರೆಂಬತ್ತನಾಲ್ಕು ಸಾಗವಾನಿ ಹಲಗೆಗಳು. ಒಂದೊಂದರ ಕೆಳತುದಿಯನ್ನೂ ಕೊರೆದು ಆಕಾರ ಕೊಟ್ಟು, ನಡುವೆ ಒಂದು ಕಿಂಡಿ ತೆಗೆದಿದ್ದರು. ಸಂಜೆ ಪಡುವಣದ ಬಿಸಿಲು ಬಿದ್ದಾಗ ಆ ಕಿಂಡಿಗಳ ನೆರಳು ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಬೀಳುತ್ತಿತ್ತು.

ಆ ಝಾಲರಿಯನ್ನು ನೋಡಿಕೊಳ್ಳುತ್ತಿದ್ದವರು ಹಳೇ ಹುಬ್ಬಳ್ಳಿಯ ಬಡಗಿ ಮಕಬೂಲಸಾಬರು. ಅವರಿಗಿಂತ ಮೊದಲು ಅವರ ಅಪ್ಪ, ಅದಕ್ಕೂ ಮೊದಲು ಅಜ್ಜ. ಖಾಯಂ ನೌಕರಿ ಅಲ್ಲ, ಗುತ್ತಿಗೆ ಕೆಲಸ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಬಂದು ಕೊಳೆತ ಹಲಗೆ ಎಷ್ಟಿವೆಯೋ ಅಷ್ಟನ್ನು ಬದಲಿಸಿ ಹೋಗುವುದು: ಒಂದು ವರ್ಷ ನಾಲ್ಕು, ಒಂದು ವರ್ಷ ಏಳು. ಕೊಳೆತ ಹಲಗೆಗೆ ತುದಿಯೇ ಉಳಿದಿರುವುದಿಲ್ಲವಲ್ಲ, ಅದಕ್ಕೆ ಪಕ್ಕದ ಗಟ್ಟಿ ಹಲಗೆಯನ್ನು ಇಳಿಸಿ, ಹೊಸದರ ಮೇಲೆ ಮಲಗಿಸಿ, ಸುತ್ತ ಪೆನ್ಸಿಲ್ ಎಳೆದು ಕೊರೆಯುತ್ತಿದ್ದರು. ನಕ್ಷೆ ಗಿಕ್ಷೆ ಯಾರೂ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ.

ಆಗ ಈ ದಾರಿಯಲ್ಲಿ ಒಂದೇ ಹಳಿ. ನಾನು ದಿನಾ ಧಾರವಾಡದಿಂದ ಕಚೇರಿಗೆ ಹೋಗುತ್ತಿದ್ದ ಪ್ಯಾಸೆಂಜರ್ ಗಾಡಿ, ಎದುರಿನ ಗಾಡಿಗೆ ದಾರಿ ಬಿಡಲು ಕರೆಗುಡ್ಡದಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಂತುಬಿಡುತ್ತಿತ್ತು. ಒಂದು ದಿನ ಮಕಬೂಲಸಾಬರು ನಿಚ್ಚಣಿಕೆಯ ಮೇಲಿನಿಂದ, ಬಾಯಾರ, ಸ್ವಲ್ಪ ಕಣ್ಣು ಹಾಕ್ರಿ, ಹಲಗೆ ಸಾಲಿಗೆ ಬಂತೋ ಇಲ್ಲೋ ಅಂತ ಕೇಳಿದರು. ನಾನು ಇಳಿದು, ಹಿಂದೆ ಸರಿದು ನಿಂತು, ಒಂದು ನೂಲು ಕೆಳಗೆ ಬಂದಿದೆ ಅಂದೆ. ನೂಲು ಅಂದರೆ ಇಂಚಿನಲ್ಲಿ ಎಂಟನೇ ಪಾಲು. ಅವರು ಅಳತೆ ಹಿಡಿದು ನೋಡಿದರು, ಸರಿಯಾಗಿ ಒಂದು ನೂಲು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಹಲಗೆ ಹಚ್ಚುವುದು, ನನ್ನ ಗಾಡಿಗೆ ಕಾಯುವುದು, ನಾನು ಸರಿ ಅಂದಮೇಲೆ ಕೊನೆಯ ಮೊಳೆ ಹೊಡೆಯುವುದು. ನಾನು ತಪ್ಪು ಅಂದರೆ ಚಕಾರ ಎತ್ತದೆ ಇಳಿಸುತ್ತಿದ್ದರು. ಆಗಿನ ಸೆಕ್ಷನ್ ಎಂಜಿನಿಯರ್ ಸಾಹೇಬರಿಗೆ ಬಿಸಿಲಲ್ಲಿ ಬಂದು ತಲೆ ಎತ್ತಿ ನೋಡುವುದು ಬೇಡವಾಗಿತ್ತು. ನಕ್ಷೆ ಕಚೇರಿಯ ಬಾಯಿಯವರು ಸರಿ ಅಂದರೆ ಮುಗೀತು, ನನಗೆ ತೋರಿಸುವುದು ಬೇಡ ಅಂತ ಹೇಳಿಬಿಟ್ಟರು. ಬರವಣಿಗೆಯಲ್ಲಿ ಏನೂ ಇಲ್ಲ. ಆ ಸಾಹೇಬರು ತೀರಿಕೊಂಡು ಹದಿನೈದು ವರ್ಷವಾಯಿತು. ಹೀಗೆ ಮೂವತ್ತು ವರ್ಷ, ಸುಮಾರು ನೂರೈವತ್ತು ಹಲಗೆಗಳಿಗೆ ಸರಿ ಅಂದವಳು ನಾನೊಬ್ಬಳೇ.

ಹಳೇ ಸ್ಟೇಷನ್ ಕೆಡವಿ ಹೊಸದು ಕಟ್ಟುತ್ತಾರಂತೆ ಅನ್ನುವ ಸುದ್ದಿ ಎರಡು ವರ್ಷದ ಹಿಂದೆ ಬಂತು. ಕರಿಕಲ್ಲಿನ ಎದುರು ಗೋಡೆ, ಕಂಬಗಳು, ಚಾವಣಿ ಇಷ್ಟನ್ನು ಮಾತ್ರ ಹಳೇ ಕಾಲದ ನೆನಪಿಗೆ ಉಳಿಸಿಕೊಂಡು ಉಳಿದದ್ದೆಲ್ಲ ನೆಲಸಮ. ಅದಾದ ವಾರಕ್ಕೆ ಮಕಬೂಲಸಾಬರು ಮಗಳು ನಾಹಿದಾಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಎಪ್ಪತ್ನಾಲ್ಕು ವಯಸ್ಸು, ಬೆನ್ನು ಬಾಗಿದೆ, ಆದರೆ ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲು ಅಲ್ಲಾಡಿಸಿ ನೋಡುವ ಚಟ ಹೋಗಿಲ್ಲ. ಅವರಿಗೆ ಬೇಕಾದದ್ದು ಒಂದೇ. ಝಾಲರಿಯನ್ನು ತೆಗೆಯಬಾರದು. ಅವರಿಗೆ ಗಂಡು ಮಕ್ಕಳಿಲ್ಲ, ನಾಹಿದಾ ಉರ್ದು ಸಾಲಿಯಲ್ಲಿ ಮಾಸ್ತರಕಿ ಮಾಡುತ್ತಾಳೆ, ಕೆಲಸ ಮುಂದುವರಿಸುವವರು ಯಾರೂ ಇಲ್ಲ. ಮೂರು ತಲೆಮಾರಿನ ಕೈ ಬೇರೆ ಎಲ್ಲೂ ಉಳಿದಿಲ್ಲ. ಮಾಡಿದ ಬಾಗಿಲು ಮಂಚಗಳು ಯಾರ್ಯಾರ ಮನೆ ಸೇರಿದವೋ.

"ನಾ ಸತ್ತ ಮ್ಯಾಲೂ ಅದು ಅಲ್ಲೇ ಇರಬೇಕ್ರಿ ಬಾಯಾರ. ಅಷ್ಟ ಮಾಡ್ರಿ," ಅಂದರು.

"ಅದಕ್ಕೇನು, ಮಾಡ್ತೀನಿ ಬಿಡ್ರಿ," ಅಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ.

ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅಂತ ವರದಿ ಬರೆಯಲು ಸೌರಭ ಅನ್ನುವ ಹುಡುಗನನ್ನು ನೇಮಿಸಿದ್ದರು. ಪುಣೆಯಲ್ಲಿ ಹಳೇ ಕಟ್ಟಡಗಳ ವಿದ್ಯೆ ಕಲಿತವನು, ಸಭ್ಯ, ಮಾತು ಮೆತ್ತಗೆ. ಅವನನ್ನು ಬೈಯಲು ನನಗೆ ಈಗಲೂ ಕಾರಣ ಸಿಗುವುದಿಲ್ಲ. ಅವನು ನಿಯಮವನ್ನು ಬಿಡಿಸಿ ಹೇಳಿದ. ಒಂದು ವಸ್ತು ಉಳಿಯಬೇಕಾದರೆ ಅದು ೧೮೮೭ರ ಮೂಲ ಕೆಲಸ ಆಗಿರಬೇಕು, ಇಲ್ಲವೇ ಕಚೇರಿಯವರು ನೋಡಿ ಒಪ್ಪಿದ ದುರಸ್ತಿ ಆಗಿರಬೇಕು. ಎರಡೂ ಅಲ್ಲದಿದ್ದರೆ ಅದು ಕಟ್ಟಡಕ್ಕೆ ಆದ ಹಾನಿ, ತೆಗೆದುಹಾಕುವುದೇ. ಮೂಲ ನಕ್ಷೆ ಸಿಕ್ಕರೆ ಒಳ್ಳೆಯದಿತ್ತು, ಕಚೇರಿಯಲ್ಲಿದ್ದದ್ದನ್ನು ಗೆದ್ದಲು ತಿಂದಿದೆಯಂತೆ ಅಂದ. ನನಗೆ ಖುಷಿಯೋ ಖುಷಿ. ಯಾಕೆಂದರೆ ಆ ನಕ್ಷೆಯ ನಕಲೊಂದು ನನ್ನ ಟ್ರಂಕಿನಲ್ಲಿತ್ತು.

ಅದು ನಾನು ಕಚೇರಿಯಲ್ಲಿ ಮಾಡಿದ ಮೊಟ್ಟಮೊದಲ ಟ್ರೇಸಿಂಗ್. ಮೂಲೆಯಲ್ಲಿ ಒಂದು ಹನಿ ಮಸಿ ಬಿತ್ತೆಂದು ಹೆಡ್ ಸಾಹೇಬರು ಒಪ್ಪಲಿಲ್ಲ, ಮತ್ತೊಂದು ಮಾಡಿಸಿದರು. ಕೆಟ್ಟ ಬಟ್ಟೆಯನ್ನು ಮನೆಗೆ ಒಯ್ಯುವುದು ನಮ್ಮಲ್ಲಿ ರೂಢಿ. ಟ್ರೇಸಿಂಗ್ ಬಟ್ಟೆ ಅಂದರೆ ಗಂಜಿ ಹಾಕಿ ನುಣುಪು ಮಾಡಿದ ಒಳ್ಳೇ ಅರಿವೆ. ಬಿಸಿನೀರಲ್ಲಿ ನೆನೆಸಿ ಗಂಜಿ ತೆಗೆದರೆ ಮಲಮಲ್ಲಿನ ಹಾಗಾಗುತ್ತದೆ. ನಮ್ಮ ಕಚೇರಿಯವರ ಮಕ್ಕಳೆಲ್ಲ ಸೇತುವೆ, ಸಿಗ್ನಲ್ ಕ್ಯಾಬಿನ್ನುಗಳ ನಕ್ಷೆಯಿದ್ದ ಕುಂಚಿಗೆ ತೊಟ್ಟು ಬೆಳೆದವು. ನಮ್ಮವ್ವ ನನ್ನ ಬಟ್ಟೆಯನ್ನು ನೋಡಿದವಳೇ ಶ್ರೀಖಂಡಕ್ಕೆ ಮೊಸರು ಕಟ್ಟಲು ಬೇಕು ಅಂತ ಹಿಡಿದುಕೊಂಡಳು. ನಾನು ಜಗಳ ತೆಗೆದು ಕಸಿದುಕೊಂಡು ಟ್ರಂಕಿನಲ್ಲಿ ಬಚ್ಚಿಟ್ಟೆ. ಅವತ್ತು ಅವ್ವ ಗೆದ್ದಿದ್ದರೆ ಝಾಲರಿ ಇವತ್ತೂ ಇರುತ್ತಿತ್ತು.

ಬಟ್ಟೆ ತೆಗೆದುಕೊಂಡು ಕರೆಗುಡ್ಡಕ್ಕೆ ಹೋದೆ, ಮಕಬೂಲಸಾಬರನ್ನೂ ಬರಹೇಳಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹರವಿ ತಲೆ ಎತ್ತಿ ನೋಡಿದೆ. ಮತ್ತೆ ನಕ್ಷೆ ನೋಡಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ನಕ್ಷೆಯ ಹಲಗೆ ಎರಡು ಅಡಿ ಉದ್ದ, ಮೇಲೆ ತೂಗುತ್ತಿದ್ದದ್ದು ಎರಡು ಅಡಿ ಮೂರೂವರೆ ಇಂಚು. ನಕ್ಷೆಯಲ್ಲಿ ಅಂಗೈಯಗಲದ ಮೂರೆಲೆಯ ಕಿಂಡಿ, ಮೇಲೆ ರೂಪಾಯಿ ಬಿಲ್ಲೆಯಷ್ಟು ಗುಂಡನೆಯ ತೂತು. ನಕ್ಷೆಯ ತುದಿ ಚೂಪು, ಮೇಲಿನದು ಮೊಂಡು, ಅದೂ ಹಿಂದಿನಿಂದ ಮುಂದಕ್ಕೆ ಓರೆ ಕೊರೆದದ್ದು. ಮೂವತ್ತು ವರ್ಷ ಇದರ ಕೆಳಗೆ ನಿಂತು ನೂಲು ಲೆಕ್ಕದಲ್ಲಿ ತಪ್ಪು ಹಿಡಿದವಳು ನಾನು. ಈ ನಕ್ಷೆಯನ್ನು ನನ್ನ ಕೈಯಾರೆ ತೆಗೆದವಳೂ ನಾನೇ. ಒಂದು ದಿನವಾದರೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಪಕ್ಕದ ಹಲಗೆಗೆ ಸಮ ಇದೆಯೋ ಇಲ್ಲವೋ ಅಷ್ಟನ್ನೇ ನೋಡಿದ್ದೆ.

ಮಕಬೂಲಸಾಬರಿಗೆ ಗಾಬರಿಯೇ ಆಗಲಿಲ್ಲ. ನಕ್ಷೆಯ ಮೇಲೆ ಬೆರಳಾಡಿಸಿ ನಕ್ಕರು.

"ಇದು ನಮ್ಮ ಮಳಿ ನೋಡಲಾರದವರು ಬರದದ್ದರಿ. ಇಷ್ಟ ದೊಡ್ಡ ಕಿಂಡಿ ಇಟ್ರ ಗಾಳಿ ಮಳಿ ಸೀದಾ ಮಂದಿ ಮಾರಿಗೆ ಹೊಡೀತೈತಿ. ಅದಕ್ಕ ನಮ್ಮಜ್ಜ ಕಿಂಡಿ ಸಣ್ಣದ ಮಾಡಿದ. ಉದ್ದ ಸಾಲಲಿಲ್ಲಂತ ನಮ್ಮಪ್ಪ ಇಡೀ ಸಾಲ ಬದಲಿಸಿ ಇಷ್ಟ ಹೆಚ್ಚಿಗಿ ಬಿಟ್ಟ. ಓರೆ ಕೊರದದ್ದು ನಾನ. ನೀರು ಹೊರಗ ಬೀಳ್ಲಿ ಅಂತ."

ಅದೆಲ್ಲ ಸರಿ, ಈ ನಕ್ಷೆ ತೋರಿಸಿದರೆ ಗತಿಯೇನು ಅಂದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ತೋರಿಸಿದರೇನಂತೆ, ಒಂದೊಂದು ಹಲಗೆಯನ್ನೂ ನಕ್ಷೆ ಕಚೇರಿಯ ಬಾಯಾರು ನೋಡಿ ಸರಿ ಅಂದಿದ್ದಾರೆ, ಅದನ್ನು ಹೇಳಿದರೆ ಮುಗೀತಲ್ಲ ಅಂದರು. ಸೌರಭನ ನಿಯಮದ ಎರಡನೇ ಭಾಗ ಅದೇ ತಾನೇ, ಕಚೇರಿ ಒಪ್ಪಿದ ದುರಸ್ತಿ. ಖರೇ ಅದ, ಹೇಳ್ತೀನಿ ಅಂದೆ. ಅವರು ನಿಶ್ಚಿಂತೆಯಿಂದ ಹುಬ್ಬಳ್ಳಿಯ ಗಾಡಿ ಹತ್ತಿದರು.

ಆ ಬಟ್ಟೆಯನ್ನು ವಾಪಸ್ ಟ್ರಂಕಿಗೆ ಹಾಕಿದ್ದರೂ ಆಗುತ್ತಿತ್ತು. ಹಾಕಲಿಲ್ಲ. ಸೌರಭನಿಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಇಂಥ ಗೆರೆ ಈಗ ಯಂತ್ರಕ್ಕೂ ಬರುವುದಿಲ್ಲ, ವರದಿಯ ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಅಂದ. ಪುಣೆಯ ತನ್ನ ಗುರುಗಳಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ, ಅವರೂ ಹೊಗಳಿದರು. ಅರವತ್ತೇಳನೇ ವಯಸ್ಸಿನಲ್ಲಿ, ನಿವೃತ್ತಿಯಾಗಿ ಏಳು ವರ್ಷ ಯಾರೂ ಹೇಗಿದ್ದೀ ಅಂತ ಕೇಳದೆ ಇದ್ದಮೇಲೆ, ನನ್ನ ಗೆರೆಯನ್ನು ಹೊಗಳಿದರೆ ನಾನು ಉಬ್ಬದೆ ಇರುತ್ತೇನೆಯೇ? ಮಸಾಲೆ ದೋಸೆ ತರಿಸಿ ತಿನ್ನಿಸಿ ಕಳಿಸಿದೆ.

ಸಭೆ ನಡೆದದ್ದು ಕರೆಗುಡ್ಡದ ಆ ಬೆಂಕಿಗೂಡಿನ ವೇಟಿಂಗ್ ರೂಮಿನಲ್ಲೇ. ಬೇರೆ ಊರಿನಿಂದ ಬಂದ ದೊಡ್ಡ ಸಾಹೇಬರು, ಇಬ್ಬರು ಎಂಜಿನಿಯರುಗಳು, ಸೌರಭ, ನಾನು. ಮಕಬೂಲಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲ ಹತ್ತಿರ ನಿಂತಿದ್ದರು. ಕುರ್ಚಿ ಇತ್ತು, ಯಾರೂ ಕೂರು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಮೇಜಿನ ಮೇಲೆ ನನ್ನ ಬಟ್ಟೆ ಹರವಿತ್ತು, ಅದರ ಪಕ್ಕ ಈಗಿನ ಹಲಗೆಯ ದೊಡ್ಡ ಫೋಟೋ. ದೊಡ್ಡ ಸಾಹೇಬರು ಕನ್ನಡಕ ಏರಿಸಿ ಎರಡನ್ನೂ ನೋಡಿದರು. ನಕ್ಷೆ ಅದ್ಭುತವಾಗಿದೆ, ಒಂದು ಗೆರೆಯೂ ತಪ್ಪಿಲ್ಲ ಅಂದರು. ಫೋಟೋದ ಮೇಲೆ ಬೆರಳಿಟ್ಟು, ಇದನ್ನು ನೋಡಿ ಎಷ್ಟು ಕೆಡಿಸಿದ್ದಾರೆ, ಕಣ್ಣಿದ್ದವರು ಯಾರೂ ಈ ಸ್ಟೇಷನ್ನಿಗೆ ಬರಲೇ ಇಲ್ಲವೇ ಅಂತ ನಕ್ಕರು. ಎಂಜಿನಿಯರುಗಳೂ ನಕ್ಕರು. ಆಮೇಲೆ ಅವರು ಕೇಳಬೇಕಾದದ್ದನ್ನು ಕೇಳಿದರು. ಈ ಹಲಗೆಗಳನ್ನು ನಕ್ಷೆ ಕಚೇರಿಯ ಯಾರಾದರೂ ನೋಡಿ ಒಪ್ಪಿದ್ದರೇ?

ಹೇಳಬೇಕಾದದ್ದು ಒಂದೇ ಮಾತು. ನಾನು ನೋಡಿ ಸರಿ ಅಂದಿದ್ದೆ. ಅಷ್ಟಂದರೆ ಸೌರಭ ಬರೆದುಕೊಳ್ಳುತ್ತಿದ್ದ, ಝಾಲರಿ ಉಳಿಯುತ್ತಿತ್ತು. ಆದರೆ ಕಣ್ಣಿದ್ದವರು ಅಂತ ಅವರು ಆಗತಾನೇ ನಕ್ಕಿದ್ದರು. ನನ್ನ ಎದುರಿಗೇ ನನ್ನ ಗೆರೆ ಬಿದ್ದುಕೊಂಡಿತ್ತು, ಕೂದಲೆಳೆಯಷ್ಟೂ ತಪ್ಪಿಲ್ಲದ್ದು. ನಿರುಪಮಾಬಾಯಿ ಮೂವತ್ತು ವರ್ಷ ತಪ್ಪನ್ನು ಸರಿ ಅನ್ನುತ್ತ ನಿಂತಿದ್ದಳು ಅಂತ ನನ್ನ ಬಾಯಿಂದಲೇ ಹೇಳಬೇಕಿತ್ತು. ನಾನು ನೀರಿನ ಬಾಟಲಿ ಎತ್ತಿಕೊಂಡು ಒಂದು ಗುಟುಕು ಕುಡಿದೆ. ಮುಚ್ಚಳ ತಿರುಗಿಸಿದೆ. ಮಾತಾಡಲಿಲ್ಲ. ನನ್ನ ನಾಲಿಗೆ ಸೇದಿ ಹೋಗಲಿ, ಒಂದು ಮಾತೂ ಆಡಲಿಲ್ಲ.

ಸೌರಭ ನನ್ನ ಕಡೆ ನೋಡಿ, ಆಮೇಲೆ ಬಾಗಿಲ ಕಡೆ ನೋಡಿದ. ದೊಡ್ಡ ಸಾಹೇಬರೂ ಅತ್ತ ತಿರುಗಿದರು. ಎಪ್ಪತ್ನಾಲ್ಕು ವರ್ಷದ ಮನುಷ್ಯನನ್ನು ಏಕವಚನದಲ್ಲಿ ಕೇಳಿದರು, "ಏನಪ್ಪಾ, ನಿನಗೆ ನಕ್ಷೆ ಓದಲಿಕ್ಕೆ ಬರುತ್ತದೇನು?"

"ಇಲ್ರಿ ಸಾಹೇಬ್ರ. ನಕಾಶಿ ಓದಾಕ ಬರೂದಿಲ್ಲ."

"ಮತ್ತೆ ಯಾರನ್ನು ಕೇಳಿ ಹೀಗೆಲ್ಲ ಮಾಡಿದೆ?"

ಮಕಬೂಲಸಾಬರು ನನ್ನನ್ನು ನೋಡಿದರು. ಹಲಗೆ ಹಿಡಿದು ನಿಚ್ಚಣಿಕೆಯ ಮೇಲಿನಿಂದ ನೋಡುತ್ತಿದ್ದರಲ್ಲ, ನಾನು ಸರಿ ಅನ್ನುವುದನ್ನು ಕಾಯುತ್ತ, ಹಾಗೇ. ನಾನು ಬಾಟಲಿ ನೋಡುತ್ತ ಕೂತಿದ್ದೆ. ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಸಾಹೇಬರ ಕಡೆ ತಿರುಗಿದರು.

"ಯಾರನೂ ಕೇಳಿಲ್ರಿ. ನಮ್ಮ ಮನಸಿಗೆ ಬಂದಂಗ ಮಾಡೇವಿ."

ಅಲ್ಲಿಗೆ ತೀರ್ಮಾನವಾಯಿತು. ಕಚೇರಿ ಒಪ್ಪದ ಕೆಲಸ, ಕಟ್ಟಡಕ್ಕೆ ಆದ ಹಾನಿ. ಹಲಗೆಗಳನ್ನು ಇಳಿಸಿ, ಮೂಲ ನಕ್ಷೆಯ ಪ್ರಕಾರ ಯಂತ್ರದಲ್ಲಿ ಫೈಬರಿನ ಹೊಸ ಝಾಲರಿ ಮಾಡಿಸುವುದು ಅಂತ ಬರೆದುಕೊಂಡರು. ಸಭೆ ಮುಗಿದಮೇಲೆ ಬಾಗಿಲ ಹತ್ತಿರ ಮಕಬೂಲಸಾಬರು ಇರಲಿಲ್ಲ. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಒಬ್ಬರೇ ಗಾಡಿಗೆ ಕಾಯುತ್ತಿದ್ದರು. ಹೋಗಿ ಮಾತಾಡಿಸಬಹುದಾಗಿತ್ತು, ಸಾಹೇಬರು ಚಹಾಕ್ಕೆ ಕರೆದರು ಅಂತ ಒಳಗೆ ಹೋದೆ.

ಹಲಗೆಗಳನ್ನು ಎರಡೇ ದಿನದಲ್ಲಿ ಕಿತ್ತರು. ಮೈಲಾರಪ್ಪ ಅನ್ನುವ ಹಳೇ ಸಾಮಾನಿನ ವ್ಯಾಪಾರಿ ಎಲ್ಲವನ್ನೂ ಟ್ರಾಕ್ಟರಿಗೆ ಹೇರಿಕೊಂಡು ಹೋದ. ಆಮೇಲೆ ಬೈಪಾಸಿನ ಒಂದು ಧಾಬಾದಲ್ಲಿ ಅವು ಕಂಡವು. ಊಟದ ಪಡಸಾಲೆಯ ಸುತ್ತ ಹೊಡೆದು, ಪಾಲಿಶ್ ಹಚ್ಚಿ, ನಡುವೆ ಒಂದು ಬೋರ್ಡು ತೂಗಿಸಿದ್ದಾರೆ: ಬ್ರಿಟಿಷರ ಕಾಲದ ಅಸಲಿ ಕೆತ್ತನೆ, ೧೮೮೭. ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತಂದಿಟ್ಟ ಊಟ ಬಿಟ್ಟು ಎದ್ದು ಬಂದೆ.

ಮಕಬೂಲಸಾಬರ ಮನೆಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಯಾವಾಗಲೂ ಮರದ ಹೊಟ್ಟು ಬಿದ್ದಿರುತ್ತಿತ್ತು. ಅವತ್ತು ಗುಡಿಸಿ ಸ್ವಚ್ಛವಾಗಿತ್ತು. ನಾಹಿದಾ ಬಾಗಿಲಲ್ಲೇ ನಿಂತಳು. ಅಬ್ಬಾ ಮಲಗಿದ್ದಾರೆ ಅಂದಳು. ಬೆಳಗಿನ ಹನ್ನೊಂದು ಗಂಟೆ. ಒಳಗೆ ಅವರು ಕೆಮ್ಮಿದ್ದು ನನಗೆ ಕೇಳಿಸಿತು, ನನಗೆ ಕೇಳಿಸಿತು ಅನ್ನುವುದು ಅವಳಿಗೂ ಗೊತ್ತಾಯಿತು. ಕ್ಷಮೆ ಕೇಳಲು ಬಂದೆ ಅಂದೆ. ಅವಳು ಸೆರಗು ಸರಿಮಾಡಿಕೊಂಡಳು.

"ಸುಳ್ಳ ಯಾಕ ಹೇಳಿದ್ರಿ ಅಂತ ನಾ ಜಗಳಾ ತಗದಿದ್ದೆ ಅಬ್ಬಾನ ಕೂಡ," ಅಂದಳು. "ಬಾಯಾರಿಗೆ ಹೆಸರು ಒಂದ ಐತಿ, ಅದನ್ನ ನಾಲ್ಕು ಮಂದ್ಯಾಗ ನಾ ಯಾಕ ಕಳೀಲಿ ಅಂದ್ರು. ಅವರು ನಿಮ್ಮನ್ನ ಬೈಲಿಲ್ರಿ. ಬೈದಿದ್ರ ಛಲೋ ಇತ್ತು ನನಗ."

ಚೀಲದಲ್ಲಿ ಧಾರವಾಡ ಫೇಡೆಯ ಡಬ್ಬಿ ಒಯ್ದಿದ್ದೆ. ಅದನ್ನು ಕೊಡಲೂ ಆಗಲಿಲ್ಲ, ಅಲ್ಲಿಡಲೂ ಆಗಲಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ ಕೊಟ್ಟು ಬಂದೆ.

ಈ ವರ್ಷ ಏಪ್ರಿಲ್‌ನಲ್ಲಿ ಹೊಸ ಸ್ಟೇಷನ್ ಉದ್ಘಾಟನೆಯಾಯಿತು. ಫೈಬರಿನ ಝಾಲರಿ ಅಚ್ಚ ಬಿಳಿ. ಅಂಗೈಯಗಲದ ಮೂರೆಲೆಯ ಕಿಂಡಿ, ಚೂಪು ತುದಿ, ಎರಡು ಅಡಿ ಉದ್ದ, ನೂರೆಂಬತ್ತನಾಲ್ಕೂ ಒಂದೇ ಅಚ್ಚಿನವು. ನನಗೆ ಶಾಲು ಹೊದಿಸಿದರು. ಫಲಕದ ಮೇಲಿನ ಶ್ರೀಮತಿಯನ್ನು ನೋಡಿದ್ದು ಅವತ್ತೇ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಹುಬ್ಬಳ್ಳಿಯಲ್ಲಿ ಪಿಂಚಣಿ ಕಚೇರಿಯ ಕೆಲಸ ಮುಗಿಸಿ ಬರುವಾಗ ಕರೆಗುಡ್ಡದಲ್ಲಿ ಇಳಿದೆ. ಯಾಕೆ ಇಳಿದೆ ಅಂತ ನನ್ನನ್ನು ಕೇಳಬೇಡಿ. ಪಡುವಣದಿಂದ ಗಾಳಿ ಸಮೇತ ಹೊಡೆಯುತ್ತಿತ್ತು. ಕಿಂಡಿಗಳ ಮೂಲಕ ಮಳೆ ಸೀದಾ ಒಳಗೆ ಬರುತ್ತಿತ್ತು, ಚೂಪು ತುದಿಗಳಿಂದ ಇಳಿದ ನೀರು ಗಾಳಿಗೆ ಒಳಗೇ ಬೀಳುತ್ತಿತ್ತು. ಬೆಂಚುಗಳೆಲ್ಲ ತೊಯ್ದು, ಜನ ಗಂಟು ಮೂಟೆ ಎತ್ತಿಕೊಂಡು ಹಿಂದಿನ ಗೋಡೆಗೆ ಒತ್ತಿ ನಿಂತಿದ್ದರು. ಒಬ್ಬ ಹೆಂಗಸು ಕೂಸಿನ ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹಿಡಿದಿದ್ದಳು. ಸ್ಟೇಷನ್ ಮಾಸ್ತರರು ನನ್ನನ್ನು ಗುರುತು ಹಿಡಿದು ಓಡಿ ಬಂದರು. ಹಳೇ ಸ್ಟೇಷನ್ನಿನಲ್ಲಿ ಒಂದು ಹನಿ ಒಳಗೆ ಬರುತ್ತಿರಲಿಲ್ಲ ಅಂತ ಜನ ಜಗಳಕ್ಕೆ ಬರುತ್ತಿದ್ದಾರೆ, ಎಲ್ಲಿ ತಪ್ಪಾಗಿದೆ ಒಂಚೂರು ನೋಡಿ ಹೇಳಿ ಅಂದರು.

ಆ ಜನರ ನಡುವೆ, ಗೋಡೆಯ ಹತ್ತಿರ, ಮಕಬೂಲಸಾಬರು ನಿಂತಿದ್ದರು. ಜೊತೆಗೆ ನಾಹಿದಾ. ಊರಿನಲ್ಲಿ ಏನೋ ಕೆಲಸಕ್ಕೆ ಬಂದಿದ್ದರೇನೋ, ಧಾರವಾಡದ ಗಾಡಿಗೆ ಕಾಯುತ್ತಿದ್ದರು. ಸಾಬರು ತಲೆ ಮೇಲಕ್ಕೆ ಎತ್ತಿದ್ದರು. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಝಾಲರಿಯನ್ನು ನೋಡುತ್ತಿದ್ದರು, ನೀರು ಎಲ್ಲಿಂದ ಒಳಗೆ ಬರುತ್ತಿದೆ, ಎಷ್ಟು ಬರುತ್ತಿದೆ ಅಂತ. ನನಗೆ ಸಮಾಧಾನವಾಯಿತು, ಅಷ್ಟು ನಾಚಿಕೆಗೇಡಿ ನಾನು. ಸ್ಟೇಷನ್ ಮಾಸ್ತರರನ್ನು ಕರೆದುಕೊಂಡೇ ಅವರ ಹತ್ತಿರ ಹೋದೆ.

"ಮಕಬೂಲಸಾಬ್, ಇವರಿಗೆ ಹೇಳ್ರಿ. ಎಲ್ಲಿ ತಪ್ಪಾಗೇದ, ಏನು ಮಾಡಬೇಕು, ನೀವ ಹೇಳ್ರಿ. ಆ ಹಲಗಿಗೆಲ್ಲಾ ಸರಿ ಅಂದಾಕಿ ನಾನ ಅಂತ ಇವರ ಮುಂದನ ಹೇಳ್ತೀನಿ ಈಗ."

ಮಕಬೂಲಸಾಬರು ಕಣ್ಣು ಕೆಳಗಿಳಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಮುಖದಲ್ಲೂ ಇರಲಿಲ್ಲ.

"ನನಗೇನ ತಿಳೀತೈತ್ರಿ ಬಾಯಾರ," ಅಂದರು. "ನಕಾಶಿ ಓದಾಕ ಬರೂದಿಲ್ಲ ನನಗ."

ಗಾಡಿ ಬಂತು. ನಾಹಿದಾ ಕೊಡೆ ಬಿಚ್ಚಿ ಅಪ್ಪನ ರಟ್ಟೆ ಹಿಡಿದು ಹತ್ತಿಸಿದಳು. ನಾನೂ ಅದೇ ಗಾಡಿಗೆ ಹತ್ತಬೇಕಾದವಳು, ಹತ್ತಲಿಲ್ಲ. ಗಾಡಿ ಹೋದಮೇಲೆ ಸ್ಟೇಷನ್ ಮಾಸ್ತರರು ಮತ್ತೆ ಕೇಳಿದರು. ಮೇಡಂ, ನಕ್ಷೆ ನಿಮ್ಮದಲ್ಲವೇ, ಇದು ಸರಿ ಇದೆಯೋ ಇಲ್ಲವೋ ನೀವೇ ಹೇಳಿಬಿಡಿ ಅಂದರು. ನಾನು ಹಳೇ ಅಭ್ಯಾಸದ ಹಾಗೆ ಹಿಂದೆ ಸರಿದು ನಿಂತು ತಲೆ ಎತ್ತಿದೆ. ನೂರೆಂಬತ್ತನಾಲ್ಕು ತುದಿಗಳೂ ಒಂದೇ ಗೆರೆಯಲ್ಲಿದ್ದವು.

"ಸರಿ ಅದ," ಅಂದೆ. "ಒಂದು ನೂಲೂ ತಪ್ಪಿಲ್ಲ."

ಕಿಂಡಿಯಿಂದ ಬಂದ ಮಳೆ ಸೀದಾ ನನ್ನ ಮುಖಕ್ಕೆ ಹೊಡೆಯುತ್ತಿತ್ತು.